ಮೇಸ್ತ್ರಿಯ ಮಾತು, ಅಕ್ಕನ ಅಕ್ಷರ

ಮೈಸೂರು
೩–೩–೧೯೫೭

ಲೂರ್ದುಸ್ವಾಮಿ ಮೇಸ್ತ್ರಿಯವರಿಗೆ,

ಕಾಗದದ ಮೊದಲಿಗೆ ಕ್ಷೇಮ ಅಂತ ಬರೆಯಬೇಕು. ನೀವು ಹೇಗಿದ್ದೀರೋ ಗೊತ್ತಿಲ್ಲ. ನಾನು ಹೇಗಿದ್ದೇನೆ ಅನ್ನುವುದೂ ಸರಿಯಾಗಿ ಗೊತ್ತಿಲ್ಲ. ಅದಕ್ಕೆ ಆ ಸಾಲು ಬಿಟ್ಟಿದ್ದೇನೆ.

ಶುಕ್ರವಾರ ಕೆಲಸ ಬಿಟ್ಟ ಮೇಲೆ ಎಂದಿನಂತೆ ದೊಡ್ಡಾಸ್ಪತ್ರೆಗೆ ಬಂದೆ. ನಿಮ್ಮ ಮಂಚದ ಮೇಲೆ ಬೇರೆ ಯಾರೋ ಮಲಗಿದ್ದರು. ವಯಸ್ಸಾದವರು, ಕಾಲಿಗೆ ಪಟ್ಟಿ ಹಾಕಿತ್ತು. ನರ್ಸಮ್ಮ, "ನಿಮ್ಮೋರು ಬೆಳಿಗ್ಗೇನೇ ಹೋದ್ರಲ್ಲಪ್ಪ. ಅವರಕ್ಕ ಕೊಳ್ಳೇಗಾಲದಿಂದ ಬಂದು ಕರ್ಕೊಂಡೋದ್ರು. ನಿಮಗೆ ಹೇಳ್ಲಿಲ್ವಾ?" ಅಂದರು. ಹೇಳಿದ್ರು ಅಂದೆ. ಯಾಕೆ ಸುಳ್ಳು ಹೇಳಿದೆನೋ. ನಿಮಗೆಂದು ತಂದಿದ್ದ ಕಿತ್ತಳೆ ಹಣ್ಣು ಆ ಮುದುಕರ ಪಕ್ಕ ಇಟ್ಟು ಬಂದೆ.

ಹದಿನೆಂಟು ದಿನ ನಾನು ಬಂದು ಸ್ಟೂಲಿನ ಮೇಲೆ ಕೂತೆ. ಹದಿನೆಂಟು ದಿನವೂ ನೀವು ಗೋಡೆ ಕಡೆ ತಿರುಗಿ ಮಲಗಿದ್ದಿರಿ. ನಾನೂ ಮಾತಾಡಲಿಲ್ಲ. ಮಾತಾಡಲು ನನಗೆ ಮೊದಲೇ ಬರುವುದಿಲ್ಲ, ನಿಮಗೆ ಗೊತ್ತು. ನಿಮ್ಮ ಅಕ್ಕನ ವಿಳಾಸ ಕೇಳಲು ಚರ್ಚಿನ ಕಚೇರಿ ಬಾಗಿಲ ತನಕ ನಾಲ್ಕು ಸಲ ಹೋಗಿ ವಾಪಸ್ಸು ಬಂದಿದ್ದೇನೆ. ಐದನೇ ಸಲ ಅಲ್ಲಿನವರೇ ಕರೆದು ಏನು ಬೇಕು ಅಂತ ಕೇಳಿದರು.

ಕಾರ್ಖಾನೆ ನಡೆಯುತ್ತಿದೆ. ಯಜಮಾನರು ಬಿಂದುಮಾಧವ ರಾಯರು ನಿಮ್ಮ ಗರಗಸದ ಯಂತ್ರಕ್ಕೆ ಸಿದ್ದಮಲ್ಲಪ್ಪನವರನ್ನು ಹಾಕಿದ್ದಾರೆ. ನಾನು ಎಂದಿನ ಜಾಗದಲ್ಲೇ ಕೂತು ಬೀಟೆ ಮರದ ಹಲಗೆಯಲ್ಲಿ ಬಿಳಿ ಮರದ ಚೂರುಗಳಿಂದ ಆನೆ ಸಾಲು ಕೂರಿಸುತ್ತಿದ್ದೇನೆ. ಕೆಲಸ ಚೆನ್ನಾಗಿ ಬರುತ್ತಿದೆ ಅಂತ ರಾಯರು ಹೇಳಿದರು. ಕೈ ಅದರ ಪಾಡಿಗೆ ಅದು ಮಾಡುತ್ತದೆ. ಕೈಗೆ ಏನೂ ತಿಳಿದ ಹಾಗಿಲ್ಲ.

ಆ ಸೋಮವಾರ ನಾನು ಆ ಮಾತನ್ನು ಅಲ್ಲಿ ಆಡಬಾರದಿತ್ತು. ಯಂತ್ರದ ಹತ್ತಿರ ಬಂದು, "ಮೇಸ್ತ್ರಿ, ಊರಲ್ಲಿ ಒಪ್ಪಿಕೊಂಡು ಬಂದೆ, ಸೋದರಮಾವನ ಮಗಳು, ಜೂನಿನಲ್ಲಿ ಮದುವೆ" ಅಂದೆ. ನೀವು "ಸರಿ" ಅಂದಿರಿ. ಹಲಗೆ ಮುಂದಕ್ಕೆ ತಳ್ಳಿದಿರಿ. ನಾನು ಬೆನ್ನು ತಿರುಗಿಸಿ ನಾಲ್ಕು ಹೆಜ್ಜೆ ಹಾಕಿದ್ದೆ. ಗರಗಸದ ಸದ್ದು ಬದಲಾಯಿತು.

ಹೆಬ್ಬೆರಳು, ತೋರುಬೆರಳು, ನಡುಬೆರಳು. ನಾನು ಆ ಮಾತು ಸಂಜೆ ಹೇಳಿದ್ದರೆ ಮೂರೂ ಇರುತ್ತಿದ್ದವು.

ಉತ್ತರ ಬರೆಸಿ.

ನಿಮ್ಮ
ಚೆಲುವಯ್ಯ


ಮೈಸೂರು
೨೪–೩–೧೯೫೭

ಮೇಸ್ತ್ರಿಯವರಿಗೆ,

ಉತ್ತರ ಬರಲಿಲ್ಲ. ನೀವು ಓದಿದ್ದೀರಿ ಅಂದುಕೊಂಡು ಇನ್ನೊಂದು ಬರೆಯುತ್ತಿದ್ದೇನೆ. ಇದನ್ನು ನೀವೊಬ್ಬರೇ ಓದಿ. ಓದಿ ಒಲೆಗೆ ಹಾಕಿ.

ಭಾನುವಾರ ಏನು ಮಾಡಬೇಕೋ ತೋಚುವುದಿಲ್ಲ. ಈವತ್ತು ಸುಮ್ಮನೆ ಚರ್ಚಿನ ಎದುರಿನ ಮರದ ಕೆಳಗೆ ಹೋಗಿ ನಿಂತಿದ್ದೆ. ಪೂಜೆ ಮುಗಿದು ಎಲ್ಲರೂ ಹೊರಗೆ ಬಂದರು. ಎಲ್ಲರೂ ಹೋದ ಮೇಲೂ ಸ್ವಲ್ಪ ಹೊತ್ತು ನಿಂತಿದ್ದು ರೂಮಿಗೆ ಬಂದೆ. ಅಳು ಬರುತ್ತದೇನೋ ಅಂತ ಕಾದೆ. ಬರಲಿಲ್ಲ. ಬಟ್ಟೆ ಒಗೆದೆ.

ನಾನು ಕೆಲಸಕ್ಕೆ ಸೇರಿದ್ದು ಐವತ್ತನಾಲ್ಕನೇ ಇಸವಿ ದೀಪಾವಳಿ ಆದ ಮೇಲೆ. ಮೊದಲು ಕೊರೆದದ್ದು ಒಂದು ಆನೆ ಕಿವಿ. ನೀವು ಅದನ್ನು ಕಿಟಕಿ ಬೆಳಕಿಗೆ ಹಿಡಿದು, "ಇದು ಕಿವಿನೇನ್ಲಾ, ಮೊರಾನೇನ್ಲಾ?" ಅಂದಿರಿ. ಎಲ್ಲರೂ ನಕ್ಕರು. ನೀವು ನಗಲಿಲ್ಲ. ಮರವಜ್ರದ ಅಂಟು ಕಾಯಿಸುವ ಒಲೆಗೆ ಅದನ್ನು ಎಸೆದಿರಿ. ಹನ್ನೊಂದು ಕಿವಿ ಹಾಗೆ ಒಲೆಗೆ ಹೋದವು. ಹನ್ನೆರಡನೆಯದನ್ನು ಏನೂ ಹೇಳದೆ ಹಲಗೆಯಲ್ಲಿ ಕೂರಿಸಿದಿರಿ. ಸಿದ್ದಮಲ್ಲಪ್ಪನವರು ನನ್ನ ಕಿವಿಯಲ್ಲಿ, "ಅವನು ಬೈಲಿಲ್ಲ ಅಂದ್ರೆ ಚೆನ್ನಾಗದೆ ಅಂತ ಕಣಪ್ಪ" ಅಂದರು. ನಾನು ಆ ದಿನ ಊಟಕ್ಕೆ ಹೋಗುವುದನ್ನೇ ಮರೆತೆ.

ಆಮೇಲೆ ಆ ಸಿಬಿರು. ನನ್ನ ಉಗುರಿನ ಸಂದಿಗೆ ಬೀಟೆಯ ಸಿಬಿರು ಹೋಗಿತ್ತು. ಕರೆಂಟು ಹೋಗಿ ಎಲ್ಲರೂ ಹೊರಗೆ ಬೀಡಿ ಸೇದುತ್ತಿದ್ದರು. ನೀವು ಬಂದು, "ಕೊಡಿಲ್ಲಿ" ಅಂದು ಉಳಿ ಮೊನೆಯಿಂದ ತೆಗೆದಿರಿ.

"ನೋವಾಯ್ತಾ?"

"ಇಲ್ಲ."

"ಸುಳ್ಳು ಬೊಗಳಬ್ಯಾಡ."

ಸಿಬಿರು ಬಂದಿತ್ತು. ಆದರೂ ನೀವು ಕೈ ಬಿಡಲಿಲ್ಲ. ನಾನೂ ಎಳೆದುಕೊಳ್ಳಲಿಲ್ಲ. ಎಷ್ಟು ಹೊತ್ತೋ. ಕರೆಂಟು ಬಂತು, ಯಂತ್ರದ ಪಟ್ಟಿ ತಿರುಗಲು ಶುರುವಾಯಿತು. ಅವಾಗ ಬಿಟ್ಟಿರಿ. ಸಂಜೆ ಸೈಕಲ್ಲು ಹತ್ತುತ್ತಾ, ನನ್ನ ಮುಖ ನೋಡದೆ, "ಭಾನುವಾರ ಪೂಜೆ ಮುಗಿಯೋ ಹೊತ್ತಿಗೆ ಚರ್ಚಿನ ಹೊರಗೆ ನಿಂತಿರು" ಅಂದಿರಿ.

ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಡೆದದ್ದು, ಲಷ್ಕರ್ ಮೊಹಲ್ಲಾದ ನಿಮ್ಮ ರೂಮಿನಲ್ಲಿ ನೀವು ಮಾಡಿದ ಖಾರದ ಸಾರು ತಿಂದು ನನ್ನ ಕಣ್ಣು ಮೂಗು ಸುರಿದದ್ದು, ಮಧ್ಯಾಹ್ನ ಕಿಟಕಿ ಮುಚ್ಚಿ ನಿಮ್ಮ ತೋಳಿನ ಮೇಲೆ ತಲೆಯಿಟ್ಟು ಮಲಗಿದ್ದು, ಎಲ್ಲವೂ ನೆನಪಿದೆ. ಆದರೆ ಬೇರೆ ಯಾರದೋ ಕಥೆ ಕೇಳಿದ ಹಾಗಿದೆ. "ಮೇಸ್ತ್ರಿ, ಇದಕ್ಕೆ ಏನಂತಾರೆ?" ಅಂತ ಒಂದು ಸಲ ಕೇಳಿದ್ದೆ. "ಹೆಸರಿಟ್ಟು ಕೂಗೋಕೆ ಇದೇನು ಹಸುವಾ? ಸುಮ್ನೆ ಮಲಕ್ಕೋ" ಅಂದಿರಿ. ಎರಡು ವರ್ಷ ಹಾಗೆ ಹೋಯಿತು.

ಮದುವೆಗೆ ಯಾಕೆ ಒಪ್ಪಿದೆ ಅಂತ ನೀವು ಕೇಳಲಿಲ್ಲ. ಕೇಳಿದ್ದರೂ ಹೇಳಲು ಏನಿತ್ತು. ಅವ್ವ ಕೇಳಿದಳು, ಮಾವ ಎದುರಿಗೆ ಕೂತಿದ್ದರು, ನಾನು ತಲೆಯಾಡಿಸಿದೆ. ನಾನು ಯಾರಿಗೂ ಯಾವತ್ತೂ ಆಗುವುದಿಲ್ಲ ಅಂದವನಲ್ಲ. ಒಪ್ಪಿದ್ದೇನೆ ಅಂತ ನನಗೆ ತಿಳಿದದ್ದು ಬಸ್ಸಿನಲ್ಲಿ ಕೂತ ಮೇಲೆ.

ನಿಮ್ಮ
ಚೆಲುವಯ್ಯ


ಕೊಳ್ಳೇಗಾಲ
೯–೪–೧೯೫೭

ಚೆಲುವಯ್ಯನವರಿಗೆ,

ಲೂರ್ದುಸ್ವಾಮಿಯ ಅಕ್ಕ ಅಂತೋಣಿಯಮ್ಮ ಬರೆಯುವುದು. ನಾನು ಇಲ್ಲಿ ಕನ್ಯಾಸ್ತ್ರೀಯರ ಶಾಲೆಯಲ್ಲಿ ಟೀಚರು. ತಮ್ಮನಿಗೆ ಪೆನ್ನು ಹಿಡಿಯಲು ಆಗುವುದಿಲ್ಲವಾದ್ದರಿಂದ ಕೆಳಗಿನ ಮಾತು ಅವನದು, ಅಕ್ಷರ ನನ್ನದು. ಹೇಳಿದ್ದನ್ನು ಹೇಳಿದ ಹಾಗೇ ಬರೆಯಬೇಕಂತೆ. ನನ್ನ ಟೀಚರ್ ಕನ್ನಡ ಸೇರಿಸಕೂಡದಂತೆ.

"ಲೋ ಚೆಲ್ವಾ. ಎರಡು ಕಾಗದ ಬಂತು. ಅಷ್ಟುದ್ದ ಯಾಕೆ ಬರೀತೀಯ, ನಿಂಗೆ ಬೇರೆ ಕೆಲಸ ಇಲ್ವಾ. ಕೈ ಒಣಗ್ತಾ ಅದೆ. ಇಲ್ಲದ ಬೆರಳು ತುರಿಸ್ತದೆ, ಅದೊಂದು ತಮಾಷೆ. ನನ್ನ ಉಳಿಗಳನ್ನ ಸಿದ್ದಮಲ್ಲಪ್ಪನಿಗೆ ಕೊಟ್ಟುಬುಡು. ರೂಮು ಖಾಲಿ ಮಾಡಿ ಬೀಗದ ಕೈ ಮನೆಯವರಿಗೆ ಕೊಡು. ಪಾತ್ರೆ ನೀನಿಟ್ಕೋ.

ಗರಗಸಕ್ಕೆ ಕಿವಿ ಇಲ್ಲ. ನೀನು ಏನೋ ಅಂದೆ, ಅದು ಕೇಳಿಸ್ಕೊಂಡು ಕಚ್ತು ಅಂತ ತಿಳ್ಕೊಂಡಿದೀಯಾ? ಹಲಗೇಲಿ ಗಂಟಿತ್ತು. ನಾನು ನೋಡ್ಲಿಲ್ಲ. ಹದಿನಾರು ವರ್ಷ ನೋಡಿದೋನು ಒಂದು ದಿನ ನೋಡ್ಲಿಲ್ಲ. ಅಷ್ಟೆ. ಇನ್ನು ಅದರ ಮಾತು ಎತ್ತಬ್ಯಾಡ.

ಮದುವೆ ದಿನ ಗೊತ್ತಾಯ್ತಾ?"

ಇಷ್ಟು ಅವನು ಹೇಳಿದ್ದು. ಕೊನೆಯ ಸಾಲಾದ ಮೇಲೆ ಇನ್ನೆರಡು ಸಾಲು ಹೇಳಿದ. ನಾನು ಬರೆದುಕೊಂಡೆ. ಆಮೇಲೆ ಹೊಡೆದು ಹಾಕು ಅಂದ. ಹೊಡೆದು ಹಾಕಿದ್ದೇನೆ. ಕಾಗದ ಕೊಳಕಾದ್ದಕ್ಕೆ ತಪ್ಪು ತಿಳಿಯಬೇಡಿ.

ನಿಮ್ಮ ಕಾಗದಗಳನ್ನು ಅವನೇ ಓದಿಕೊಳ್ಳುತ್ತಾನೆ. ಲಕೋಟೆ ಹರಿದು ಕೊಡುವುದು ಮಾತ್ರ ನಾನು.

ಇತಿ
ಅಂತೋಣಿಯಮ್ಮ


ಮೈಸೂರು
೨೮–೪–೧೯೫೭

ಮೇಸ್ತ್ರಿಯವರಿಗೆ,

ಮದುವೆ ಜೂನ್ ಒಂಬತ್ತಕ್ಕೆ. ಆಷಾಢಕ್ಕೆ ಮುಂಚೆ ಮುಗಿಸಬೇಕಂತೆ.

ಉಳಿಗಳನ್ನು ಸಿದ್ದಮಲ್ಲಪ್ಪನವರಿಗೆ ಕೊಟ್ಟೆ. ರೂಮು ಖಾಲಿ ಮಾಡಲಿಲ್ಲ. ನಾನೇ ಅಲ್ಲಿಗೆ ಬಂದು ಸೇರಿಕೊಂಡಿದ್ದೇನೆ. ಮನೆಯವರು ಏನೂ ಕೇಳಲಿಲ್ಲ. ನೀವು ಕೋಪ ಮಾಡಿಕೊಳ್ಳುತ್ತೀರಿ, ಮಾಡಿಕೊಳ್ಳಿ. ಅಲ್ಲಿ ನಿದ್ದೆ ಬರುತ್ತದೆ.

ಹೋದ ವಾರ ಊರಿಗೆ ಹೋಗಿದ್ದೆ. ಅವ್ವ ಹೊಸ ಪಂಚೆ, ಶಲ್ಯ ತೆಗೆದು ತೋರಿಸಿದಳು. ಹೆಗಲಿಗೆ ಹಾಕಿ ನೋಡಿ, "ನಿಮ್ಮಪ್ಪ ಇದ್ದಿದ್ರೆ" ಅಂದಳು. ನಾನು ಚೆನ್ನಾಗಿದೆ ಅಂದೆ. ಯಾವುದಕ್ಕೆ ಏನು ಕೇಳಿದರೂ ಚೆನ್ನಾಗಿದೆ ಅನ್ನುತ್ತಿದ್ದೆ. ಮಾವ ಜವರಯ್ಯನವರು ಚಪ್ಪರದ ಮಾತು, ಅಡುಗೆಯವರ ಮಾತು ಆಡುತ್ತಿದ್ದರು. ನನ್ನ ತಲೆ ಅದರ ಪಾಡಿಗೆ ಆಡುತ್ತಿತ್ತು.

ಮಾವನ ಮಗಳು ಶಿವನಂಜಮ್ಮ. ಚಿಕ್ಕಂದಿನಲ್ಲಿ ನೋಡಿದ್ದು. ಈಗ ಇಪ್ಪತ್ತು ವರ್ಷ. ಬಾವಿಯ ಹತ್ತಿರ ನಾನು ಕಾಲು ತೊಳೆಯುತ್ತಿದ್ದಾಗ ಬಿಂದಿಗೆ ತಂದು ಇಟ್ಟು ನಿಂತಳು. ಯಾರೂ ಇರಲಿಲ್ಲ.

"ಒಂದ್ಮಾತು ಕೇಳ್ಲಾ?"

"ಕೇಳು."

"ನಿಮಗೆ ಇಷ್ಟ ಅದಾ, ಇಲ್ವಾ?"

ಗೊತ್ತಿಲ್ಲ ಅಂದುಬಿಟ್ಟೆ.

ಅವಳು ಬಿಂದಿಗೆ ಎತ್ತಿಕೊಳ್ಳಲಿಲ್ಲ. "ಇಲ್ಲ ಅಂದಿದ್ರೆ ಅತ್ತು ಸುಮ್ನಾಗ್ತಿದ್ದೆ. ಗೊತ್ತಿಲ್ಲ ಅನ್ನೋರ ಜೊತೆ ನಾನೆಂಗೆ ಬದುಕ್ಲಿ? ನಿಮ್ಮ ಮುಖ ನೋಡುದ್ರೆ ಯಾರೂ ಇಲ್ಲದ ಮನೆ ಥರ ಕಾಣ್ತದೆ" ಅಂದಳು. ಜಗಳದ ದನಿಯಲ್ಲಿ ಅಲ್ಲ. ದಾರಿ ಕೇಳುವವರ ಹಾಗೆ ಕೇಳಿದಳು.

ಆ ಮಾತು ಅವಾಗಿನಿಂದ ನನ್ನ ಜೊತೆಯಲ್ಲೇ ಇದೆ. ನೋವು ಅಂತ ಅಲ್ಲ. ಚಪ್ಪಲಿಯೊಳಗೆ ಕಲ್ಲು ಸೇರಿದ ಹಾಗೆ.

ನಿಮ್ಮ ಕೈ ಹೇಗಿದೆ? ಹೊಡೆದು ಹಾಕಿದ ಸಾಲನ್ನು ಬೆಳಕಿಗೆ ಹಿಡಿದು ನೋಡಿದೆ. ಅಕ್ಕ ಚೆನ್ನಾಗಿ ಹೊಡೆದಿದ್ದಾರೆ.

ನಿಮ್ಮ
ಚೆಲುವಯ್ಯ


ಕೊಳ್ಳೇಗಾಲ
೬–೫–೧೯೫೭

ಚೆಲುವಯ್ಯನವರಿಗೆ,

ತಮ್ಮನ ಮಾತು:

"ಆ ರೂಮಲ್ಲಿ ಯಾಕೆ ಇದೀಯ. ಬುಡು, ನಿನ್ನಿಷ್ಟ. ಮಳೆ ಬಂದ್ರೆ ಮೂಲೇಲಿ ಸೋರ್ತದೆ, ಚಾಪೆ ಈ ಕಡೆ ಎಳ್ಕೋ.

ಮದುವೆ ಆಗು. ಹುಡುಗಿ ಬುದ್ಧಿವಂತೆ. ನಾನು ಬರಲ್ಲ. ನನ್ನ ಹೆಸರಿಗೆ ಕರೆಯೋಲೆ ಕಳಿಸಬ್ಯಾಡ. ಇಲ್ಲಿಗೆ ಕಾಗದ ಬರೆಯೋದೂ ಸಾಕು. ಮೂರು ಬೆರಳು ಹೋದೋನಿಗೆ ಬಾಕಿ ಎಲ್ಲಾನೂ ಬಿಟ್ಟುಕೊಡೋದು ಅಷ್ಟೇನೂ ಕಷ್ಟ ಅಲ್ಲ. ಅಭ್ಯಾಸ ಆಗ್ತದೆ."

ಇಷ್ಟೇ. ನನ್ನ ಕಡೆಯಿಂದ ಒಂದು ಮಾತು: ಇದು ನಾಲ್ಕನೆಯ ಹಾಳೆ. "ಮದುವೆ ಆಗು" ಅಂತ ಮೂರು ಸಲ ಬರೆಸಿ ಮೂರು ಸಲವೂ ಹರಿದು ಹಾಕಿಸಿದ. ನಾಲ್ಕನೇ ಸಲ ಹೇಳಿ ಎದ್ದು ಹಿತ್ತಲಿಗೆ ಹೋದ. ಇನ್ನೂ ಒಳಗೆ ಬಂದಿಲ್ಲ. ಬರುವಷ್ಟರಲ್ಲಿ ಅಂಚೆಗೆ ಹಾಕುತ್ತಿದ್ದೇನೆ.

ಇತಿ
ಅಂತೋಣಿಯಮ್ಮ


ಮೈಸೂರು
೨೬–೫–೧೯೫೭

ಮೇಸ್ತ್ರಿಯವರಿಗೆ,

ಬರೆಯಬೇಡ ಅಂದಿದ್ದೀರಿ. ಆದದ್ದನ್ನು ತಿಳಿಸಬೇಕು ಅಂತ ಬರೆಯುತ್ತಿದ್ದೇನೆ. ಮದುವೆ ನಿಂತಿತು. ನಾನೇ ನಿಲ್ಲಿಸಿದೆ.

ಹೋದ ಭಾನುವಾರ ಊರಿಗೆ ಹೋದೆ. ಮಾವ ನಮ್ಮ ಮನೆ ಜಗುಲಿ ಮೇಲೆ ಕೂತು ಎಲೆ ಹಾಕುತ್ತಿದ್ದರು. ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಅವರ ಎದುರಿಗೆ ನಿಂತ ಕೂಡಲೇ ಎಲ್ಲ ಮರೆತುಹೋಯಿತು. "ಮಾವ, ನಾನು ಶಿವನಂಜಮ್ಮನ್ನ ಮದುವೆ ಆಗಕ್ಕಾಗಲ್ಲ" ಅಂತ ಅಷ್ಟೇ ಬಂತು.

ಮೊದಲು ನಕ್ಕರು. ಆಮೇಲೆ, "ಯಾಕಪ್ಪ, ನನ್ನ ಮಗಳಲ್ಲಿ ಏನು ಕುಂದು ಕಂಡೆ?" ಅಂದರು.

"ಅವಳಲ್ಲಿ ಏನೂ ಇಲ್ಲ. ನನ್ನಲ್ಲೇ."

"ಏನು, ಕಾಯಿಲೆಯಾ?"

"ಕಾಯಿಲೆ ಅಲ್ಲ ಮಾವ."

"ಮೈಸೂರಲ್ಲಿ ಯಾವಳನ್ನಾದ್ರೂ ಇಟ್ಕೊಂಡಿದೀಯಾ?"

ಯಾವಳೂ ಇಲ್ಲ ಅಂದೆ. ಹಾಗಂದರೆ ಮತ್ತೇನು ಅಂತ ಅವರು ನನ್ನ ಮುಖವನ್ನೇ ನೋಡಿದರು. ನಾನು ನೆಲ ನೋಡಲಿಲ್ಲ. ಜನ್ಮದಲ್ಲಿ ಮೊದಲನೇ ಸಲ ನೆಲ ನೋಡದೆ ನಿಂತಿದ್ದೆ. ಏನು ಕಂಡಿತೋ ಅವರಿಗೆ, ಎದ್ದು ಬಂದು ಕೆನ್ನೆಗೆ ಹೊಡೆದರು. ಟವೆಲ್ಲು ಕೊಡವಿಕೊಂಡು ಹೊರಟುಹೋದರು. ಹೊಡೆದದ್ದು ಗೊತ್ತಾಯಿತು. ನೋವು ಗೊತ್ತಾಗಲಿಲ್ಲ.

ಅವ್ವ ಒಳಗಿಂದ ಎಲ್ಲ ಕೇಳಿಸಿಕೊಂಡಿದ್ದಳು. ಅಳಲಿಲ್ಲ, ಬೈಯಲಿಲ್ಲ. ತಟ್ಟೆ ಹಾಕಿದಳು. "ಉಂಡ್ಕೊಂಡು ಹೋಗು. ಇನ್ಮ್ಯಾಕೆ ಬರಬ್ಯಾಡ" ಅಂದಳು. ನಾನು ಕೂತು ಉಂಡೆ. ಎರಡು ಮುದ್ದೆ, ಹುರುಳಿಕಾಳಿನ ಸಾರು. ಸಾರು ಇನ್ನೊಂದು ಸಲ ಬಡಿಸಿದಳು. ಉಂಡು ಕೈ ತೊಳೆದು ಬಂದೆ. ಬಾಗಿಲ ತನಕ ಅವಳು ಬರಲಿಲ್ಲ.

ದಾರಿಯಲ್ಲಿ ಶಿವನಂಜಮ್ಮ ದನ ಹೊಡೆದುಕೊಂಡು ಎದುರಿಗೆ ಬಂದಳು. "ಹೇಳುದ್ರಾ?" ಅಂದಳು. ಹೇಳಿದೆ ಅಂದೆ. "ಒಳ್ಳೇದಾಯ್ತು ಬುಡಿ" ಅಂದು ದನಗಳ ಹಿಂದೆ ಹೋದಳು. ಅವಳಿಗೆ ಇನ್ನು ಊರಿನವರ ಮಾತು ಕೇಳುವುದಿದೆ. ಅದು ನನ್ನಿಂದ. ಅದಕ್ಕೆ ಏನು ಮಾಡಬೇಕೋ ನನಗೆ ಗೊತ್ತಿಲ್ಲ.

ಸೋಮವಾರ ಕೆಲಸಕ್ಕೆ ಹೋದೆ. ಎಲ್ಲ ಎಂದಿನಂತೆ ಇತ್ತು. ಏನೋ ಮಾಡಿದೆ, ಆದರೆ ಮಾಡಿದ ಹಾಗೆ ಅನಿಸುತ್ತಿಲ್ಲ. ಇದನ್ನು ನಿಮಗೋಸ್ಕರ ಮಾಡಿದೆ ಅಂತ ತಿಳಿಯಬೇಡಿ. ನೀವು ವಾಪಸ್ಸು ಬರಲಿ ಅಂತಲೂ ಅಲ್ಲ. ಗೊತ್ತಿಲ್ಲ ಅಂತ ಅವಳಿಗೆ ಹೇಳಿದ್ದೆನಲ್ಲ, ಅದು ಸುಳ್ಳಾಗಿತ್ತು. ನನಗೆ ಗೊತ್ತಿತ್ತು.

ನಿಮ್ಮ
ಚೆಲುವಯ್ಯ


ಕೊಳ್ಳೇಗಾಲ
೨೦–೬–೧೯೫೭

ಚೆಲ್ವಾ

ಇದು ಎಡಗೈ. ಅಕ್ಕನಿಗೆ ಗೊತ್ತಿಲ್ಲ. ಬೆಳಿಗ್ಗೆಯಿಂದ ಇಷ್ಟು ಆಯ್ತು.

ನೀನು ದಡ್ಡ. ತಾಯಿ ಬಿಟ್ಟೆ. ಯಾರಿಗೆ. ನಾನು ಅನ್ನ ಕಲಸೋಕೂ ಆಗದೋನು. ನನ್ನ ಕೈ ನೋಡುದ್ರೆ ನಿಂಗೆ ಹೇಸಿಗೆ ಆಗ್ತದೆ. ಆಸ್ಪತ್ರೇಲಿ ಪಟ್ಟಿ ಇತ್ತು ನೀನು ನೋಡಿಲ್ಲ.

ಬರಬ್ಯಾಡ. ಬರೀಬ್ಯಾಡ.

ಲೂ


ಮೈಸೂರು
೨೮–೭–೧೯೫೭

ಮೇಸ್ತ್ರಿಯವರಿಗೆ,

ಬರಬೇಡ ಅಂದರೂ ಹೋದ ಭಾನುವಾರ ಕೊಳ್ಳೇಗಾಲಕ್ಕೆ ಬಂದೆ. ಬಾಗಿಲಿನ ಈ ಕಡೆ ನಡೆದದ್ದು ನಿಮಗೆ ಕಂಡಿರಲಿಕ್ಕಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಅಕ್ಕ ಅಂಗಳದಲ್ಲಿ ಅಕ್ಕಿ ಆರಿಸುತ್ತಿದ್ದರು. ನಾನು ಹೆಸರು ಹೇಳುವುದಕ್ಕೂ ಮುಂಚೆ, "ನೀವು ಚೆಲುವಯ್ಯ ತಾನೇ, ಒಳಗೆ ಬನ್ನಿ" ಅಂದರು. ನೀವು ನಡುಮನೆಯಲ್ಲಿದ್ದಿರಿ. ನನ್ನ ದನಿ ಕೇಳಿ ಕೋಣೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡಿರಿ. ನಿಮ್ಮ ಬೆನ್ನು ಮಾತ್ರ ಕಂಡಿತು. ಬಹಳ ಇಳಿದಿದ್ದೀರಿ.

ಒಳಗಿಂದ, "ನಾನಿಲ್ಲ ಅನ್ನು" ಅಂತ ಅಕ್ಕನಿಗೆ ಕೂಗಿದಿರಿ.

"ನೀನೇ ಹೇಳು" ಅಂತ ಅಕ್ಕ ಅಂದರು. ನನಗೆ ಕಾಫಿ ಕೊಟ್ಟರು. "ಇವನು ಮನೇಲಿ ದಿನಕ್ಕೆ ನಾಕು ಮಾತಾಡಿದ್ರೆ ಹೆಚ್ಚು. ಬಾಯಿ ಬಿಡೋದು ನಿಮಗೆ ಕಾಗದ ಬರೆಸೋವಾಗ ಮಾತ್ರ" ಅಂತ ಮೆಲ್ಲಗೆ ಹೇಳಿದರು. ಆಮೇಲೆ ಸಂತೆಗೆ ಹೋಗಿ ಬರುತ್ತೇನೆ ಅಂತ ಚೀಲ ತೆಗೆದುಕೊಂಡು ಹೊರಟರು. ಭಾನುವಾರ ಅಲ್ಲಿ ಸಂತೆ ಇರುವುದಿಲ್ಲ ಅಂತ ಬಸ್ಸಿನಲ್ಲಿ ಯಾರೋ ಹೇಳಿದ್ದು ನನಗೆ ಆಮೇಲೆ ನೆನಪಾಯಿತು.

ನಾನು ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತೆ. ಅಲ್ಲಿಂದ ಆಡಿದ ಮಾತು ನೀವು ಕೇಳಿದ್ದೀರೋ ಇಲ್ಲವೋ ಅನುಮಾನವಿದೆ. ಇನ್ನೊಂದು ಸಲ ಬರೆಯುತ್ತೇನೆ.

ರಾಯರು ಈಗ ಕಾಡಿನ ಹರಾಜಿನಿಂದ ಮರ ಕೊಳ್ಳುತ್ತಿದ್ದಾರೆ. ಎರಡು ಸಲ ಮೋಸ ಹೋದರು. ಹೊರಗೆ ಕಪ್ಪಗಿದ್ದ ದಿಮ್ಮಿ ಸೀಳಿದರೆ ಒಳಗೆ ಪೊಳ್ಳು. ನೋಡಿ, ತಟ್ಟಿ, ಮೂಸಿ ಹೇಳುವವರು ಒಬ್ಬರು ಬೇಕು ಅಂತ ಎಲ್ಲರ ಮುಂದೆ ಹೇಳಿದರು. ನಾನು ಎದ್ದು ನಿಂತು, "ಲೂರ್ದುಸ್ವಾಮಿ ಮೇಸ್ತ್ರಿ ಇದ್ದಾರೆ" ಅಂದೆ. ಕಾರ್ಖಾನೆಯಲ್ಲಿ ನಾನು ಎಲ್ಲರೆದುರು ಬಾಯಿ ಬಿಟ್ಟದ್ದು ಅದೇ ಮೊದಲು. ಸಿದ್ದಮಲ್ಲಪ್ಪನವರ ಬೀಡಿ ಕೆಳಗೆ ಬಿತ್ತು.

ರಾಯರು, "ಮರ ನೋಡೋಕೆ ಅವನ ಬಿಟ್ರಿಲ್ಲ, ನಿಜ. ಆದ್ರೆ ಆ ಬಾಯಿ ಯಾರು ತಡ್ಕೋತಾರಯ್ಯ? ಈಗ ಇನ್ನೂ ಜಾಸ್ತಿ ಆಗಿರತ್ತೆ" ಅಂದರು.

"ನಾನು ತಡ್ಕೋತೀನಿ" ಅಂದೆ.

ಎಲ್ಲರೂ ನಕ್ಕರು. ನಾನೂ ನಕ್ಕೆ ಅಂತ ಕಾಣುತ್ತದೆ. ರಾಯರು ಬರಹೇಳು ಅಂದಿದ್ದಾರೆ.

ಇನ್ನೊಂದು, ಹೇಸಿಗೆಯ ಮಾತು. ಆ ದಿನ ನಿಮ್ಮ ಕೈಯನ್ನು ನನ್ನ ಪಂಚೆಯಲ್ಲಿ ಸುತ್ತಿ ಜಟಕಾದಲ್ಲಿ ಆಸ್ಪತ್ರೆ ತನಕ ಎದೆಗೆ ಒತ್ತಿ ಹಿಡಿದುಕೊಂಡಿದ್ದವನು ನಾನು. ನೀವು ಪ್ರಜ್ಞೆ ತಪ್ಪಿದ್ದಿರಿ. ಆ ಕೈಯನ್ನು ನಿಮಗಿಂತ ಮೊದಲು ನೋಡಿದ್ದು ನಾನೇ.

ಇದನ್ನು ಹೇಳಿದ ಮೇಲೆ ಒಳಗೆ ಸದ್ದಾಯಿತು. ಬಾಗಿಲಿನ ಆ ಕಡೆ, ನನ್ನ ಬೆನ್ನಿನ ಹಿಂದೆಯೇ, ಯಾರೋ ಕೂತ ಸದ್ದು. ಹಲಗೆ ಸ್ವಲ್ಪ ಅಲುಗಿತು. ಬಸ್ಸಿನ ಹೊತ್ತಾಗುವ ತನಕ ಹಾಗೇ ಕೂತಿದ್ದೆವು. ನಾನು ಹೋಗಿ ಬರುತ್ತೇನೆ ಅಂದೆ.

ಬಸ್ಸು ನರಸೀಪುರ ದಾಟಿದ ಮೇಲೆ ಕಣ್ಣಲ್ಲಿ ನೀರು ಬಂತು. ಪಕ್ಕದವರು ಧೂಳು ಬಿತ್ತಾ ಅಂತ ಕೇಳಿದರು. ಹೌದು ಅಂದೆ. ಮೈಸೂರು ಬರುವ ತನಕ ನಿಲ್ಲಲಿಲ್ಲ. ಫೆಬ್ರವರಿಯಿಂದ ಇದೇ ಮೊದಲು.

ನಿಮ್ಮ
ಚೆಲುವಯ್ಯ


ಕೊಳ್ಳೇಗಾಲ
೧೮–೮–೧೯೫೭

ಚಿರಂಜೀವಿ ಚೆಲುವಯ್ಯನಿಗೆ,

ಈ ಸಲ ಅಕ್ಷರವೂ ನನ್ನದೇ, ಮಾತೂ ನನ್ನದೇ. ವಯಸ್ಸಿನಲ್ಲಿ ನಾನು ನಿನಗಿಂತ ಬಹಳ ದೊಡ್ಡವಳು, ನೀನು ಅಂತಲೇ ಬರೆಯುತ್ತೇನೆ.

ನೀನು ಬಂದು ಹೋದ ಮೇಲೆ ಮೂರು ವಾರ ಅವನು ಹೂಂ, ಊಹೂಂ ಬಿಟ್ಟು ಬೇರೆ ಮಾತಾಡಲಿಲ್ಲ. ಕೋಣೆಯ ಬಾಗಿಲು ಮಾತ್ರ ಹಾಕುತ್ತಿರಲಿಲ್ಲ. ಗುರುವಾರ ಮಾತೆಯ ಹಬ್ಬಕ್ಕೆ ಚರ್ಚಿಗೆ ಬಂದ. ಬಲಗೈಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಹಿಂದಿನ ಸಾಲಿನಲ್ಲಿ ಕೂತಿದ್ದ. ವಾಪಸ್ಸು ಬರುವಾಗ ದಾರಿಯಲ್ಲಿ ಬಡಗಿಯೊಬ್ಬ ಯಾರಿಗೋ ಬಾಗಿಲು ತೋರಿಸುತ್ತಾ ಇದು ಅಪ್ಪಟ ಬೀಟೆ ಅನ್ನುತ್ತಿದ್ದ. ಇವನು ಸುಮ್ಮನೆ ಹೋಗಬಾರದೇ? ಹತ್ತಿರ ಹೋಗಿ ಟವೆಲ್ಲು ಬಿಚ್ಚಿ, ಇರುವ ಎರಡು ಬೆರಳಿನ ಗೆಣ್ಣಿನಿಂದ ತಟ್ಟಿ, ಮೂಸಿ ನೋಡಿ, "ಬೀಟೆಯಂತೆ ಬೀಟೆ! ಬಣ್ಣ ಬಳಿದಿರೋ ಮತ್ತಿ ಮರ ಕಣಯ್ಯ, ಯಾರಿಗೆ ಟೋಪಿ ಹಾಕ್ತೀಯ?" ಅಂದ. ಬೀದಿಯಲ್ಲಿ ದೊಡ್ಡ ಜಗಳ. ನಾನು ನಾಚಿಕೆಯಿಂದ ಮುಂದೆ ಮುಂದೆ ನಡೆದೆ. ಹಿಂದಿನಿಂದ ಬಂದವನು, "ಮೈಸೂರು ಬಸ್ಸು ಎಷ್ಟು ಗಂಟೆಗೆ?" ಅಂತ ಕೇಳಿದ. ಟವೆಲ್ಲು ಹೆಗಲ ಮೇಲಿತ್ತು.

ಬುಧವಾರ ಬೆಳಗಿನ ಬಸ್ಸಿಗೆ ಬರುತ್ತಾನೆ. ಡಾಕ್ಟರಿಗೆ ಕೈ ತೋರಿಸಲು ಬಂದೆ ಅನ್ನುತ್ತಾನೆ. ಎರಡು ದಿನ ಇದ್ದು ಹೋಗುತ್ತೇನೆ ಅಂತಲೂ ಅನ್ನುತ್ತಾನೆ. ಪೆಟ್ಟಿಗೆಯಲ್ಲಿ ಅವನ ಎಲ್ಲ ಬಟ್ಟೆಯೂ ಇದೆ, ಕಂಬಳಿಯೂ ಇದೆ. ಇಟ್ಟದ್ದು ನಾನಲ್ಲ. ನೀನು ವಾದಕ್ಕೆ ಹೋಗಬೇಡ.

ಒಂದು ತಪ್ಪು ಒಪ್ಪಿಕೊಳ್ಳಬೇಕು. ಲಕೋಟೆ ಹರಿದು ಕೊಡುವುದು ಮಾತ್ರ ನಾನು ಅಂತ ಬರೆದಿದ್ದೆ. ಅದು ನಿಜವಲ್ಲ. ಎಲ್ಲವನ್ನೂ ಓದಿದ್ದೇನೆ. ಒಲೆಗೆ ಹಾಕಿ ಅಂದಿದ್ದನ್ನೂ. ಅವನು ಯಾವುದನ್ನೂ ಹಾಕಿಲ್ಲ. ಮೊದಲು ಓದಿದಾಗ ಎರಡು ದಿನ ಊಟ ಸೇರಲಿಲ್ಲ. ಪಾದ್ರಿಗಳ ಹತ್ತಿರ ಹೋಗಿ ಹೇಳಬೇಕು ಅಂದುಕೊಂಡೆ. ಹೋಗಲಿಲ್ಲ. ಅವರು ಏನು ಹೇಳುತ್ತಾರೆ ಅಂತ ನನಗೆ ಗೊತ್ತು. ಅವರು ಹೇಳುವುದು ಅವರಿಗೆ ಸರಿ. ನನ್ನ ಯಜಮಾನರು ಹೋಗಿ ಹತ್ತೊಂಬತ್ತು ವರ್ಷವಾಯಿತು. ಒಬ್ಬಳಿಗೇ ಅಂತ ಒಲೆ ಹಚ್ಚುವುದು ಏನು ಅಂತಲೂ ನನಗೆ ಗೊತ್ತು. ನನಗೆ ಗೊತ್ತಿರುವುದರಲ್ಲಿ ಯಾವುದು ದೊಡ್ಡದು ಅಂತ ತೂಕ ಹಾಕಲು ನನ್ನಿಂದ ಆಗಲಿಲ್ಲ. ಅವನಿಗೆ ಬುತ್ತಿ ಕಟ್ಟುತ್ತಿದ್ದೇನೆ.

ನಿನ್ನ ತಾಯಿಗೆ ಆಗಾಗ ಕಾಗದ ಬರಿ. ಉತ್ತರ ಬರದಿದ್ದರೂ ಬರಿ. ಊರಿನಲ್ಲಿ ಯಾರಿಂದಲಾದರೂ ಓದಿಸಿಕೊಳ್ಳುತ್ತಾರೆ.

ಕೊನೆಯದಾಗಿ ಒಂದು ವಿಷಯ. ಅಂಗಿಯ ಗುಂಡಿ ಹಾಕಿಕೊಳ್ಳಲು ಅವನಿಗೆ ಆಗುವುದಿಲ್ಲ. ಇಲ್ಲಿ ದಿನವೂ ನಾನು ಹಾಕುತ್ತಿದ್ದೆ. ಹಾಕಿ ಮುಗಿಸುವ ತನಕ ಸೂರು ನೋಡುತ್ತಾ, ಯಾರ ಮೇಲೋ ಕೋಪ ಬಂದವನ ಹಾಗೆ ನಿಂತಿರುತ್ತಾನೆ. ಬಾಯಿಬಿಟ್ಟು ಕೇಳುವವನಲ್ಲ. ಬೆಳಿಗ್ಗೆ ನೀನೇ ಹತ್ತಿರ ಹೋಗಿ ಹಾಕಿಬಿಡು.

ಅಕ್ಕ
ಅಂತೋಣಿಯಮ್ಮ